ನನ್ನ ಹೆಸರಿನ ಹುಳು

ಅಕ್ಟೋಬರ್ 6, ಭಾನುವಾರ, ಬೆಳಿಗ್ಗೆ

ಅನೀಶ್ ಘಾಜಿಪುರ ಮಂಡಿಯಿಂದ ಬಂದ. ಮತ್ತೆ ಥರ್ಮೋಕೋಲ್ ಡಬ್ಬಿ, ಮತ್ತೆ ಮೀನು. ಬಾಲ್ಕನಿಯಲ್ಲೇ ಇಡಿಸಿದೆ. ಸೋಪು, ನಿಂಬೆಹಣ್ಣು, ಮತ್ತೆ ಸೋಪು — ಆಮೇಲಷ್ಟೇ ಅಪ್ಪುಗೆ. ಮದುವೆಯಾಗಿ ಎರಡು ತಿಂಗಳು ತುಂಬಿಲ್ಲ, ಆಗಲೇ ನಮಗೊಂದು ರೂಲ್ ಬುಕ್! ಸೋ ಕ್ಯೂಟ್.

ಮೀನು ತಿನ್ನುವುದಕ್ಕಲ್ಲ. ಅತ್ತೆಯ ಮನೆಯಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲ. ಮೀನಿನ ಕರುಳಲ್ಲಿ ವಾಸಿಸುವ ಫ್ಲೂಕ್ ಎಂಬ ಚಪ್ಪಟೆ ಹುಳುಗಳ ಮೇಲೆ ನನ್ನ ಗಂಡನ ಪಿಎಚ್‌ಡಿ. ಮೈಸೂರಿನ ನನ್ನ ಫ್ರೆಂಡ್ಸ್‌ಗೆ "ಮರೀನ್ ಸೈಂಟಿಸ್ಟ್" ಎಂದು ಹೇಳಿದ್ದೇನೆ. ಘಾಜಿಯಾಬಾದಿನಲ್ಲಿ ಸಮುದ್ರವಿಲ್ಲ ಎಂದು ಇದುವರೆಗೆ ಯಾರೂ ನೆನಪಿಸಿಲ್ಲ.

(ಕನ್ನಡದಲ್ಲೇ ಬರೆಯುತ್ತೇನೆ. ಅನೀಶ್ ದೆಹಲಿಯ ಆರ್.ಕೆ. ಪುರದ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಬೆಳೆದವನು. ಕನ್ನಡ ಆಡುತ್ತಾನೆ, ಓದಲು ಬರುವುದಿಲ್ಲ. ಇದಕ್ಕಿಂತ ಒಳ್ಳೆಯ ಬೀಗ ಯಾವ ಅಂಗಡಿಯಲ್ಲಿ ಸಿಗುತ್ತದೆ?)

ಅದೇ ದಿನ, ಮಧ್ಯಾಹ್ನ

ಊಟಕ್ಕೆ ಕುಳಿತ ಅನೀಶ್ ಅನ್ನ ಕಲಸುತ್ತಾ, ಉಪ್ಪು ಕಡಿಮೆ ಎನ್ನುವ ಧ್ವನಿಯಲ್ಲಿ ಹೇಳಿದ —

"ಧಾರೂ, ಹೊಸಾ ಸ್ಪೀಷೀಸ್ ಒಂದು ಸಿಕ್ಕಿದೆ ಅನ್ಸುತ್ತೆ. ನಿನ್ನ ಹೆಸರಿಡೋಣ ಅಂತ."

ಕಿರುಚಿದೆ. ಪಕ್ಕದ ಫ್ಲಾಟಿನ ಆಂಟಿ ಬೆಲ್ ಹೊಡೆದು "ಸಬ್ ಠೀಕ್ ಹೈ, ಬೇಟಾ?" ಎಂದರು. ಬೇರೆಯವರ ಗಂಡಂದಿರು ಉಂಗುರ ಕೊಡುತ್ತಾರೆ, ಗೋವಾ ಟಿಕೆಟ್ ಕೊಡುತ್ತಾರೆ. ನನ್ನವನು ವಿಜ್ಞಾನದಲ್ಲಿ ಶಾಶ್ವತ ಸ್ಥಾನ ಕೊಡುತ್ತಿದ್ದಾನೆ!

"ನೋಡೋಕೆ ಹೇಗಿದೆ?"

"ತುಂಬಾ ಸುಂದರ. ಎರಡು ಹೀರುಬಟ್ಟಲು. ಒಂದು ಬಾಯಿ ಹತ್ರ, ಇನ್ನೊಂದು ಹೊಟ್ಟೆ ಮೇಲೆ. ಗುದ ಇಲ್ಲ."

"ಏನು?"

"ಗುದ ಇಲ್ಲ. ಬಾಯಿಂದಾನೇ ತಿನ್ನುತ್ತೆ, ಬಾಯಿಂದಾನೇ ಹೊರಗೆ ಹಾಕುತ್ತೆ."

ಮೊಸರನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಅಕ್ಟೋಬರ್ 9, ಬುಧವಾರ

ನನ್ನ ಹುಳುವಿನ ಬಗ್ಗೆ ಎಲ್ಲ ಕಲಿಯುತ್ತಿದ್ದೇನೆ. ಮೆಟ್ರೋದಲ್ಲಿ ನೋಯ್ಡಾ ಆಫೀಸಿಗೆ ಹೋಗುವಾಗ ಅದೇ ಓದು. ಗೋತ್ರ-ಪ್ರವರದಂತೆ ಇದಕ್ಕೂ ವಂಶಾವಳಿ. ಚಪ್ಪಟೆ ಹುಳುಗಳ ದೊಡ್ಡ ಮನೆತನ, ಅದರಲ್ಲಿ ಟ್ರೆಮಟೋಡಾ ವರ್ಗ, ಅದರಲ್ಲಿ ಡೈಜೀನಿಯಾ ಎಂಬ ಶಾಖೆ. ಮತ್ತೆ ಮನೆ ಬದಲಾಯಿಸುವುದೋ, ಅಬ್ಬಬ್ಬಾ! ಮೊಟ್ಟೆ ನೀರಿಗೆ ಬೀಳುತ್ತದೆ. ಮರಿ ಈಜಿಕೊಂಡು ಹೋಗಿ ಬಸವನಹುಳುವಿನೊಳಗೆ ಬಾಡಿಗೆಗೆ ಸೇರುತ್ತದೆ. ಅಲ್ಲಿ ಒಂದು ಹಲವಾಗುತ್ತದೆ. ಬಾಲ ಬೆಳೆಸಿಕೊಂಡು ಹೊರಬೀಳುತ್ತದೆ. ಇನ್ನೊಂದು ಜೀವಿಗೆ ಅಂಟಿಕೊಂಡು, ಬಾಲ ಕಳಚಿ, ಗುಳ್ಳೆಯೊಳಗೆ ಮುದುಡಿ ಕಾಯುತ್ತದೆ. ಅದನ್ನು ಮೀನು ನುಂಗಿದಾಗ ಕೊನೆಗೊಂದು ಸ್ವಂತ ಮನೆ. ನಮ್ಮ ವೈಶಾಲಿ ಬಡಾವಣೆಯ ಬ್ರೋಕರ್ ಭಯ್ಯಾ ಕೂಡ ಇಷ್ಟು ಮನೆ ತೋರಿಸಿರಲಿಲ್ಲ.

ರಕ್ತದಲ್ಲಿರುವ ಒಂದು ಜಾತಿಯ ಫ್ಲೂಕ್‌ನಲ್ಲಿ ಗಂಡಿನ ಮೈಯಲ್ಲೇ ಒಂದು ಕಾಲುವೆ, ಹೆಂಡತಿ ಅದರೊಳಗೆ ಜೀವನವಿಡೀ ಮಲಗಿರುತ್ತಾಳಂತೆ. ಕಣ್ಣಲ್ಲಿ ನೀರು ಬಂತು. ಅನೀಶ್‌ಗೆ ಹೇಳಿದೆ.

"ಹೌದು," ಎಂದ. "ಅಲ್ಲಿ ಮಲಗಿ ದಿನಾ ನೂರಾರು ಮೊಟ್ಟೆ ಇಡ್ತಾಳೆ."

ರೊಮ್ಯಾನ್ಸ್ ಕ್ಯಾನ್ಸಲ್.

ಅಕ್ಟೋಬರ್ 12, ಶನಿವಾರ

ವಿಜಯದಶಮಿ ಊಟಕ್ಕೆ ಆರ್.ಕೆ. ಪುರದ ಅತ್ತೆ ಮನೆ. ತಡೆಯಲಾಗಲಿಲ್ಲ, ಹೇಳಿಬಿಟ್ಟೆ. ಆದರೆ "ಹುಳು" ಎಂಬ ಶಬ್ದ ಬಾಯಿಗೆ ಬರಲಿಲ್ಲ. ಎದುರಿಗೆ ಶ್ಯಾವಿಗೆ ಪಾಯಸವಿತ್ತು. "ನೀರಿನಲ್ಲಿರುವ ಒಂದು ಅಪರೂಪದ ಜೀವಿ" ಎಂದೆ. ಅನೀಶ್ ಪಾಯಸದ ಬಟ್ಟಲನ್ನೇ ನೋಡುತ್ತಿದ್ದ.

ಅತ್ತೆ ಚಂದ್ರಪ್ರಭಾ ನನ್ನ ಕೆನ್ನೆ ಹಿಡಿದುಕೊಂಡರು. "ನಮ್ಮ ವಂಶದಲ್ಲಿ ಯಾರ ಹೆಸರು ಪುಸ್ತಕದಲ್ಲಿ ಬಂದಿದೆ ಹೇಳು! ಟೆಲಿಫೋನ್ ಡೈರೆಕ್ಟರಿ ಬಿಟ್ರೆ!"

ಮಾವ ಏಕನಾಥ ಸಚಿವಾಲಯವೊಂದರಲ್ಲಿ ಅಂಡರ್ ಸೆಕ್ರೆಟರಿ. ಮನೆಯಲ್ಲೂ ಅದೇ. "ಕಾಂಪಿಟೆಂಟ್ ಅಥಾರಿಟಿ ಅಪ್ರೂವಲ್ ಆಗಿದೆಯೇನಪ್ಪಾ?"

"ಆಗುತ್ತೆ, ಪಾಪಾ."

"ಆಗುತ್ತೆ ಬೇರೆ, ಆಗಿದೆ ಬೇರೆ."

ನಾವು ಮೆಟ್ರೋ ಇಳಿಯುವ ಮೊದಲೇ ಅತ್ತೆ ಸುದ್ದಿಯನ್ನು ಕನ್ನಡ ಬಳಗದ ಮಹಿಳಾ ವಾಟ್ಸಾಪ್ ಗ್ರೂಪಿಗೆ ಹಾಕಿ ಆಗಿತ್ತು. ನನ್ನ ಫೋಟೋ ಸಮೇತ. ನಲವತ್ತು ಚಪ್ಪಾಳೆ, ಒಂದು ಆನೆ. ಆನೆ ಯಾಕೋ ಗೊತ್ತಿಲ್ಲ.

ಅಕ್ಟೋಬರ್ 15, ಮಂಗಳವಾರ

ಮೊದಲ ಜಗಳ!! ಬರೆದಿಡಬೇಕು.

ಅನೀಶ್ ಲ್ಯಾಬಿನಿಂದ ಬಂದವನು ಶೂ ಬಿಚ್ಚದೆ ಕುಳಿತ. ವಿಷಯ ಇದು. ಅವರ ಲ್ಯಾಬಿನಲ್ಲಿ ಒಂದು ಪದ್ಧತಿ. ವಿದ್ಯಾರ್ಥಿಯ ಮೊದಲ ಹೊಸ ಸ್ಪೀಷೀಸ್‌ಗೆ ಗೈಡ್ ಹೆಸರು. ಇದುವರೆಗೆ ಯಾರೂ ತಪ್ಪಿಸಿಲ್ಲ. ಗೈಡ್ ಡಾ. ವಿಜಯಮ್ಮ — ದಾವಣಗೆರೆಯವರು, ದೆಹಲಿಯಲ್ಲಿ ಮೂವತ್ತು ವರ್ಷ, ಎಲ್ಲರಿಗೂ ನಡುಕ. ಸೀನಿಯರ್ ದಿಲೀಪ್ ಇವತ್ತು ಇವನ ಬೆನ್ನು ತಟ್ಟಿ, "ಭಾಯಿ, ಪೆಹಲಾ ಕೀಡಾ ಮ್ಯಾಡಂ ಕಾ. ಬೀವಿ ಕಾ ನಂಬರ್ ಬಾದ್ ಮೇ" ಎಂದನಂತೆ. ಮೊದಲ ಹುಳು ಮ್ಯಾಡಂಗೆ, ಹೆಂಡತಿಯ ಸರದಿ ಆಮೇಲೆ!

"ನೀನು ಮ್ಯಾಡಂನ ಕೇಳೇ ಇಲ್ವಾ?"

"ಕೇಳ್ಬೇಕು ಅಂತಿದ್ದೆ."

"ನನಗೆ ಹೇಳೋ ಮುಂಚೆನಾ, ಆಮೇಲಾ?"

"ಧಾರೂ, ಡಿಸೆಂಬರ್‌ಗೆ ಫೆಲೋಶಿಪ್ ಮುಗಿಯುತ್ತೆ. ಅಷ್ಟರೊಳಗೆ ಥೀಸಿಸ್ ಮೇಲೆ ಅವರ ಸೈನ್ ಬೀಳ್ಬೇಕು. ಇಲ್ಲಾಂದ್ರೆ ಐದು ವರ್ಷ ನೀರಲ್ಲಿ ಹೋಮ."

"ಹಾಗಾದ್ರೆ ಅವರ ಹೆಸರೇ ಇಡು! ಅವರನ್ನೇ ಮದುವೆಯಾಗಬೇಕಿತ್ತು!"

ಇದನ್ನು ನಾನು ಹೇಳಿದೆ. ಒಂದು ಹುಳುವಿಗೋಸ್ಕರ. ಗುದವೂ ಇಲ್ಲದ ಹುಳುವಿಗೋಸ್ಕರ.

ಅಕ್ಟೋಬರ್ 16, ಬುಧವಾರ

ಟಿಫಿನ್ ಬಾಕ್ಸಿಗೆ ಬಿಸಿಬೇಳೆಬಾತ್ ಹಾಕಿದೆ, ಆದರೆ ಹಪ್ಪಳ ಕೊಡಲಿಲ್ಲ. ಅವನಿಗೆ ಅರ್ಥವಾಗಿದೆ.

ಅಕ್ಟೋಬರ್ 28, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಮೊದಲು ಮುನಿಸು, ಆಮೇಲೆ ರಾಜಿ, ರಾಜಿಯ ನಂತರ ಯಾರು ಡೈರಿ ಬರೆಯುತ್ತಾರೆ! ತೀರ್ಮಾನವಾಗಿತ್ತು. ಹೆಸರು ಮ್ಯಾಡಂದು. ನನಗೆ ಮುಂದಿನದು. ಅತ್ತೆಗೆ ನಿಧಾನವಾಗಿ ಹೇಳುವುದು.

ನಿಧಾನ ಎಲ್ಲಿ ಬಂತು. ಅತ್ತೆಯ ಫೋನ್ ಈಗ ಬಂತು. ನವೆಂಬರ್ ಹತ್ತಕ್ಕೆ ಬಳಗದ ರಾಜ್ಯೋತ್ಸವ. ನನಗೆ ಸನ್ಮಾನ. ಶಾಲು, ಹಾರ, ಮೈಸೂರು ಪೇಟ, ಫಲತಾಂಬೂಲ.

"ಮುಖ್ಯ ಅತಿಥಿ ಯಾರು ಗೊತ್ತಾ? ನಮ್ಮ ಅನೀಶನ ಗೈಡ್! ಮುರಳೀಧರ ಅವರೇ ಹೋಗಿ ಒಪ್ಪಿಸಿ ಬಂದ್ರು. ಸರ್‌ಪ್ರೈಸ್ ಇರ್ಲಿ ಅಂತ ಸನ್ಮಾನ ಯಾರಿಗೆ, ಯಾಕೆ ಅಂತ ಹೇಳಿಲ್ಲ. ಅವರ ಕೈಯಿಂದಾನೇ ನಿನಗೆ ಪೇಟ!"

ಮುರಳೀಧರ ಬಳಗದ ಕಾರ್ಯದರ್ಶಿ. ಅವರಿಗೆ ಒಳ್ಳೆಯದಾಗಲಿ. ಗ್ಯಾಸ್ ಆರಿಸಿ ಬಾಯಿಬಿಟ್ಟೆ.

"ಅತ್ತೆ... ಅದು ಹುಳು."

"ಯಾವುದು?"

"ಆ ಜೀವಿ. ಮೀನಿನ ಕರುಳಿನಲ್ಲಿರೋ ಹುಳು."

ಆ ಕಡೆಯಿಂದ ಫ್ಯಾನ್ ಆರಿಸಿದ ಸದ್ದು.

"ಬ್ಯಾನರ್ ಪ್ರಿಂಟಾಗಿದೆ, ಧಾರಿಣಿ," ಎಂದರು ಕೊನೆಗೆ. "ಅದರಲ್ಲಿ ಜೀವಿ ಅಂತಾನೇ ಇದೆ. ನೀನು ಬಾಯಿಮುಚ್ಚಿಕೊಂಡು ರೇಷ್ಮೆ ಸೀರೆ ಉಟ್ಟುಕೊಂಡು ಬಾ."

ನವೆಂಬರ್ 10, ಭಾನುವಾರ, ಸಂಜೆ

ತಲೆಯ ಮೇಲೆ ಪೇಟದ ಗುರುತು ಇನ್ನೂ ಇದೆ.

ಮುರಳೀಧರ ಮೈಕಿನಲ್ಲಿ — "ನಮ್ಮ ಸೊಸೆ, ನಾಡಿನ ಹೆಮ್ಮೆ, ಜೀವಲೋಕದಲ್ಲಿ ತಮ್ಮ ಹೆಸರನ್ನು ಅಜರಾಮರಗೊಳಿಸಿದ..." ವಿಜಯಮ್ಮ ಮ್ಯಾಡಂ ವೇದಿಕೆಯ ಮೇಲೆ ನೆಟ್ಟಗೆ ಕುಳಿತಿದ್ದರು. ಬ್ಯಾನರ್ ಓದಿದರು. ನನ್ನನ್ನು ನೋಡಿದರು. ಆಮೇಲೆ ಮೂರನೇ ಸಾಲಿನಲ್ಲಿ ಕುರ್ಚಿಯೊಳಗೆ ಕರಗುತ್ತಿದ್ದ ಅನೀಶನನ್ನು ನೋಡಿದರು. ಅವನಿಗೂ ಆ ಫ್ಲೂಕ್‌ನಂತೆ ಗುಳ್ಳೆಯೊಳಗೆ ಮುದುಡುವ ವಿದ್ಯೆ ಬಂದಿದ್ದರೆ ಎನಿಸಿತು.

ಪೇಟ ಇಡಲು ಬಾಗಿದವರು ನಗುಮುಖದಿಂದಲೇ ಕಿವಿಯಲ್ಲಿ ಕೇಳಿದರು, "ಯಾವ ಜೀನಸ್?"

"ಅ... ಅಲೊಕ್ರೀಡಿಯಂ, ಮ್ಯಾಡಂ."

"ಹೂಂ. ನಾಳೆ ಲ್ಯಾಬಿಗೆ ಬಾ. ನೀನು. ಅವನಲ್ಲ."

ಫೋಟೋದಲ್ಲಿ ಇಬ್ಬರೂ ನಗುತ್ತಿದ್ದೇವೆ. ಅತ್ತೆ ಅದನ್ನು ಸ್ಟೇಟಸ್‌ಗೆ ಹಾಕಿದ್ದಾರೆ.

ನವೆಂಬರ್ 11, ಸೋಮವಾರ

ಆಫೀಸಿಗೆ ಸಿಕ್ ಲೀವ್.

ದಾರಿಯುದ್ದಕ್ಕೂ ಡೈಲಾಗ್ ಪ್ರಾಕ್ಟೀಸ್. ಒಳಗೆ ಹೋದವಳೇ ಒಂದೇ ಉಸಿರಿಗೆ, "ಮ್ಯಾಡಂ ತಪ್ಪೆಲ್ಲ ನಂದು, ಅನೀಶ್ ಏನೂ ಮಾಡಿಲ್ಲ, ಹೆಸರು ನಿಮ್ಮದೇ, ಪ್ಲೀಸ್ ಸೈನ್ ಮಾಡಿಬಿಡಿ" ಎಂದೆ.

"ಕೂತ್ಕೋ. ನನ್ನ ಹೆಸರಿನ ಹುಳ ಎಷ್ಟಿವೆ ಗೊತ್ತಾ?"

"ಇಲ್ಲ, ಮ್ಯಾಡಂ."

"ಒಂದು ಕಪ್ಪೆಯ ಗುದನಾಳದಲ್ಲಿ. ಒಂದು ಹೆಗ್ಗಣದ ಪಿತ್ತಕೋಶದಲ್ಲಿ. ಒಂದು ಬಾತುಕೋಳಿಯಲ್ಲಿ. ಎಲ್ಲಿ ಅಂತ ಕೇಳ್ಬೇಡ. ಪ್ರತಿ ಕಾನ್ಫರೆನ್ಸಿನಲ್ಲಿ ಯಾರೋ ಒಬ್ಬ ಎದ್ದು ನಿಂತು, ವಿಜಯಮ್ಮ ಕಪ್ಪೆಯ ಗುದನಾಳದಲ್ಲಿ ಹೇರಳವಾಗಿ ಸಿಗುತ್ತಾಳೆ ಅಂತಾನೆ. ಆ ಪದ್ಧತಿ ಹುಡುಗರು ಮಾಡ್ಕೊಂಡಿದ್ದು. ನನ್ನ ಯಾರೂ ಕೇಳಲಿಲ್ಲ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರೇ ನಕ್ಕರು. ಆಮೇಲೆ, "ನಿನಗೆ ಬೇಕಾದ್ರೆ ಇಟ್ಕೋ. ಆದ್ರೆ ಒಂದು. ಇಟ್ಟ ಹೆಸರು ತೆಗೆಯೋಕಾಗಲ್ಲ. ನಾಳೆ ನೀವಿಬ್ಬರೂ ಬೇರೆಯಾದ್ರೂ ಹುಳ ನಿನ್ನ ಹೆಸರಲ್ಲೇ ಇರುತ್ತೆ. ನಮ್ಮ ನಿಯಮದಲ್ಲಿ ಡೈವೋರ್ಸ್ ಇಲ್ಲ."

"ನಾವು ಬೇರೆಯಾಗಲ್ಲ, ಮ್ಯಾಡಂ!"

"ಅದು ಸರಿ. ಹುಳ ಹೊಸದು ಅಂತ ಯಾರು ಹೇಳಿದ್ದು?"

ಅವರು ಅನೀಶನ ಸ್ಲೈಡ್ ತೋರಿಸಿದರು. ಗುಲಾಬಿ ಬಣ್ಣದ ಎಲೆಯಂಥ ದೇಹ, ಅದರೊಳಗೆ ಮೂರು ಹಾಲೆಗಳಾಗಿ ಸೀಳಿದ ಅಂಡಾಶಯ. ಅದೇ ಜೀನಸ್‌ನ, ಈಗಾಗಲೇ ಹೆಸರಿರುವ ಹಳೆಯ ಹುಳುವಿನಲ್ಲಿ ಅಂಡಾಶಯ ದುಂಡಗಿರುತ್ತದೆ. ವ್ಯತ್ಯಾಸ ಅಷ್ಟೇ. ಆದರೆ ಅನೀಶ್ ಹುಳುವನ್ನು ಎರಡು ಗಾಜಿನ ನಡುವೆ ಬಿಗಿಯಾಗಿ ಒತ್ತಿದ್ದಾನಂತೆ. ಚಪಾತಿ ಒತ್ತಿದ ಹಾಗೆ. ಒತ್ತಿದರೆ ದುಂಡಗಿದ್ದದ್ದೂ ಸೀಳುತ್ತದೆ.

"ಒತ್ತದೆ ಇನ್ನೊಂದು ಮಾಡಿ ತೋರಿಸಲಿ. ಮೂರು ಹಾಲೆ ಇದ್ರೆ ನಿನ್ನ ಹುಳ. ಇಲ್ಲದಿದ್ರೆ ಯಾರದ್ದೂ ಅಲ್ಲ."

ನವೆಂಬರ್ 17, ಭಾನುವಾರ

ಹೊಗೆ. ಎದುರಿನ ಟವರ್ ಕಾಣುತ್ತಿಲ್ಲ. ಮಾಸ್ಕ್ ಹಾಕಿಕೊಂಡು ನಾನೂ ಮಂಡಿಗೆ ಹೋದೆ. ಮೀನಿನ ಅಂಗಡಿಯವನು ಒಳ್ಳೆಯ ಮೀನು ಎತ್ತಿ ಹಿಡಿದ. ಹುಳು ಇರುವುದೇ ಬೇಕಲ್ಲ, ನಾನು ಉತ್ಸಾಹದಲ್ಲಿ, "ಭಯ್ಯಾ, ಕೀಡೇವಾಲಾ ದೋ ನಾ!" ಎಂದೆ.

ಇಡೀ ಸಾಲು ತಿರುಗಿ ನೋಡಿತು.

"ಮ್ಯಾಡಂಜೀ, ಹಮಾರೇ ಮಾಲ್ ಮೇ ಕೀಡಾ? ಬಾಪ್ ಕೇ ಜಮಾನೇ ಸೇ ದುಕಾನ್ ಹೈ!"

ಅಪ್ಪನ ಕಾಲದ ಅಂಗಡಿಯ ಮಾಲಿಗೆ ಹುಳು ಹಿಡಿಸಿದ ನನ್ನನ್ನು ಅನೀಶ್ ಕೈ ಹಿಡಿದು ಓಡಿಸಿಕೊಂಡು ಬೇರೆ ಸಾಲಿಗೆ ಕರೆದೊಯ್ದ.

ಲ್ಯಾಬಿನಲ್ಲಿ ಮೀನು ಮೇಲೆ ಮೀನು ಕೊಯ್ದ. ಖಾಲಿ, ಖಾಲಿ, ಖಾಲಿ. ನಡುವೆ ಅತ್ತೆಯ ಫೋನ್: "ಹುಳ ಬಿತ್ತಾ? ಹನುಮಾನ್ ಮಂದಿರದಲ್ಲಿ ಲಡ್ಡು ಹೇಳಿಕೊಂಡಿದ್ದೀನಿ." ಹಿಂದಿನಿಂದ ಮಾವ: "ಅಪ್ರೂವಲ್ ಪೆಂಡಿಂಗ್ ಇರುವಾಗ ಸನ್ಮಾನ ತಗೊಂಡ್ರೆ ಆಡಿಟ್ ಅಬ್ಜೆಕ್ಷನ್ ಬರುತ್ತೆ ಅಂತ ನಾನು ಆಗಲೇ..."

ಕೊನೆಯ ಮೀನಿನಲ್ಲಿ ಒಂದೇ ಒಂದು. ಅಕ್ಕಿಯ ನುಚ್ಚಿನಷ್ಟು. ಅನೀಶ್ ಬಿಸಿನೀರಿನಲ್ಲಿ, ಒತ್ತದೆ, ಅದರಷ್ಟಕ್ಕೆ ಮೈ ಚಾಚಲು ಬಿಟ್ಟ. ಇಷ್ಟು ಮೃದುವಾಗಿ ಅವನು ನನ್ನ ಕೈಯನ್ನೂ ಹಿಡಿದಿಲ್ಲ. ಬಣ್ಣ ಹಿಡಿಯಲು ಸಮಯ ಬೇಕು. ಮಂಗಳವಾರ ತಿಳಿಯುತ್ತದೆ.

ನವೆಂಬರ್ 19, ಮಂಗಳವಾರ

ಮ್ಯಾಡಂ ತಾವು ನೋಡಲಿಲ್ಲ. ಅನೀಶನಿಗೂ ಬಿಡಲಿಲ್ಲ. "ಹೆಸರು ಯಾರದೋ ಅವಳೇ ಮೊದಲು ನೋಡಲಿ" ಎಂದು ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು.

ಅಲ್ಲಿತ್ತು ಅದು. ಎರಡು ಹೀರುಬಟ್ಟಲು. ಮುಂದೆ ಅಂಡಾಶಯ, ಹಿಂದೆ ಒಂದರ ಹಿಂದೊಂದು ವೃಷಣ. ಒಂದೇ ಮೈಯಲ್ಲಿ ಗಂಡ ಹೆಂಡತಿ ಎರಡೂ, ಪಾಪ, ಜಗಳವಾಡಲು ಯಾರೂ ಇಲ್ಲ. ನಾಲ್ಕು ಸಲ ಫೋಕಸ್ ತಿರುಗಿಸಿದೆ. ತಿರುಗಿಸಿದರೆ ಸೀಳಬಹುದೇನೋ ಎಂದು. ಹಿಂದೆ ಅನೀಶ್ ನಿಂತಿದ್ದ. ಪೇಟ, ಬ್ಯಾನರ್, ನಲವತ್ತು ಚಪ್ಪಾಳೆ, ಎಲ್ಲ ಕಣ್ಣ ಮುಂದೆ ಬಂತು. ಮೂರು ಎಂದರೆ ಸಾಕು, ಮೂರು ಎಂದು ಒಂದು ಸಲ ಅನ್ನು, ಎಂದಿತು ಮನಸ್ಸು.

"ದುಂಡಗಿದೆ," ಎಂದೆ. "ಬಟಾಣಿ ಥರ."

ಮ್ಯಾಡಂ ನೋಡಿದರು. ಅನೀಶ್ ನೋಡಿದ. ನೋಡಿ ಸ್ಟೂಲಿನ ಮೇಲೆ ಕುಳಿತುಬಿಟ್ಟ. ಅವನಿಗೆ ಅಳು ಬರುತ್ತಿತ್ತು, ನನಗೆ ಬಂದೇಬಿಟ್ಟಿತು. ಮ್ಯಾಡಂ ಟಿಶ್ಯೂ ಡಬ್ಬಿ ಇಬ್ಬರ ನಡುವೆ ತಳ್ಳಿದರು.

"ಆಯ್ತಾ? ಈಗ ಕೇಳೋ. ಒತ್ತಿದ್ದು, ಒತ್ತದೇ ಇದ್ದಿದ್ದು, ಎರಡನ್ನೂ ಪಕ್ಕಪಕ್ಕ ಇಡು. ಗಾಜು ಒತ್ತೋದ್ರಿಂದ ಹೇಗೆ ಸುಳ್ಳು ಸ್ಪೀಷೀಸ್ ಹುಟ್ಟುತ್ತೆ ಅಂತ ಬರಿ. ಹೊಸ ಹೆಸರಿಗಿಂತ ಆ ಚಾಪ್ಟರ್ ಜನಕ್ಕೆ ಉಪಯೋಗ. ತಿಂಗಳ ಕೊನೆಗೆ ತಂದ್ರೆ ಸೈನ್ ಮಾಡ್ತೀನಿ."

ಆಟೋದಲ್ಲಿ ಅನೀಶ್ ನನ್ನ ಭುಜಕ್ಕೆ ತಲೆ ಆನಿಸಿದ. "ಸಾರಿ, ಧಾರೂ. ಹುಳ ಕೊಡೋಕಾಗಲಿಲ್ಲ."

ಯಾವ ಗಂಡ ಯಾವ ಹೆಂಡತಿಗೆ ಹೀಗೆ ಹೇಳಿದ್ದಾನೆ! ಐ ಲವ್ ಹಿಮ್ ಸೋ ಮಚ್. ಮುದ್ದಿಸಿದೆ. ಆಟೋ ಭಯ್ಯಾ ಕನ್ನಡಿ ತಿರುಗಿಸಿಕೊಂಡ.

ಅದೇ ದಿನ, ಸಂಜೆ

ಅತ್ತೆಯ ಫೋನ್. ಎತ್ತಲೇಬೇಕಾಯಿತು. "ಅತ್ತೆ, ಅದು ಹೊಸದಲ್ಲ. ಹಳೇ ಹುಳವೇ. ನನ್ನ ಹೆಸರು ಇಡೋ ಹಾಗಿಲ್ಲ. ಬಳಗದವರಿಗೆ ನಾನೇ ಹೇಳ್ತೀನಿ. ಶಾಲು ವಾಪಸ್..."

"ಶಾಲು ಯಾರು ಕೇಳಿದ್ರು? ಒಂದು ಹೇಳು. ಒಂದೇ ಥರದ ಮೀನನ್ನೇ ಯಾಕೆ ಕೊಯ್ತಾ ಕೂತಿದ್ದಾನೆ ನನ್ನ ಮಗ? ಬೇರೆ ಮೀನಿಲ್ವಾ ದಿಲ್ಲೀಲಿ?"

"ಅತ್ತೆ?"

"ಬರೋ ಭಾನುವಾರ ನಾನೇ ಬರ್ತೀನಿ. ಮುಟ್ಟಲ್ಲ. ದೂರ ನಿಂತು ತೋರಿಸ್ತೀನಿ. ಯಾವುದು ಡೊಳ್ಳುಹೊಟ್ಟೆ, ಯಾವುದರ ಮುಖದಲ್ಲಿ ಕಳೆ ಇಲ್ಲ, ಅದರಲ್ಲಿ ಹುಳ ಇದ್ದೇ ಇರುತ್ತೆ. ಮೂರು ಮಕ್ಕಳನ್ನ ಸಾಕಿದೀನಿ, ನನಗೆ ಗೊತ್ತಾಗಲ್ವಾ?"

ಅನೀಶನಿಗೆ ಹೇಳಿದೆ. ಸೋಫಾದಿಂದ ಜಾರಿ ಬಿದ್ದು ನಗುತ್ತಿದ್ದಾನೆ. ಬೆಳಿಗ್ಗೆಯಿಂದ ಮೊದಲ ಸಲ. ಈಗ ಎದ್ದು ಬಂದು ನನ್ನ ಪೆನ್ನು ಕಿತ್ತುಕೊಳ್ಳಲು ನೋಡುತ್ತಿದ್ದಾನೆ, ಬಿಡು ಮಾರಾಯ, ಇನ್ನೊಂದೇ ಸಾಲು, ಅತ್ತೆ ಕೊನೆಗೆ ಏನು ಹೇಳಿದರೆಂದರೆ, "ಹೊಸಾ ಹುಳ ಸಿಕ್ಕಿದ್ರೆ ಈ ಸಲ ನನ್ನ ಹೆಸ—