ಗೇಟ್ ದಾಟಿದ ಮೇಲೆ

2 ಡಿಸೆಂಬರ್ 2025, ಮಂಗಳವಾರ

ಇ-ಸಿಗರೇಟನ್ನು ನಿಷೇಧಿಸಿ, ದಾಂಡೇಲಿಯ ಮೂಲೆಮೂಲೆಯಲ್ಲಿ ಬೀಡಿ ಮಾರಲು ಬಿಟ್ಟಿರುವುದು ಅನ್ಯಾಯ. ಸೇದುವುದನ್ನು ಬಿಡಬೇಕೆನ್ನುವವನಿಗೆ ಜೊತೆ ಕೊಡದಿರುವುದು ಇನ್ನೂ ದೊಡ್ಡ ಅನ್ಯಾಯ. ಹೀಗೆಂದು ನಾನು ಬರೆದ ಕರಪತ್ರವನ್ನು ಸಂಜೆ ಮುದಕಪ್ಪ ಕಾಕಾನ ಕೈಗೆ ಕೊಟ್ಟೆ. ಮೂವತ್ತು ವರ್ಷದಿಂದ ಪೇಪರ್ ಮಿಲ್ಲಿನಲ್ಲಿ ದುಡಿಯುವವನು. ಓದುವ ಬದಲು ಬೆರಳಲ್ಲಿ ತಿಕ್ಕಿ, ದೀಪಕ್ಕೆ ಹಿಡಿದು ನೋಡಿದ.

“ಹಾಳಿ ಭಾಳ ತೆಳ್ಳಗ ಐತಿ. ನಮ್ಮ ಮಿಲ್ಲಿಂದಲ್ಲ ಬಿಡು.”

“ಕಾಕಾ, ಅದರಾಗ ಏನ ಬರದೇನಿ, ಅದನ್ನ ನೋಡು!”

“ಅದನ್ನ ಸರ್ಕಾರಕ್ಕ ಕಳಸು. ನನ್ನ ಮಾತ ಕೇಳಿಲ್ಲಿ. ಮಿಲ್ಲಿನೊಳಗ ಕಡ್ಡಿಪೆಟ್ಟಿಗಿ ಒಯ್ಯಾಕ ಬಿಡೂದಿಲ್ಲ. ಎಂಟ ತಾಸು ಬೀಡಿ ಸೇದಲಾರದ ಇರ್ತೇನಿ. ಗೇಟ್ ದಾಟಿದ ಮ್ಯಾಲ ಅರ್ಧ ತಾಸ ಅಷ್ಟ ಜೀವಾ ತಿಂತೈತಿ. ಆವಾಗ ನನ್ನ ಜೋಡಿ ಮಾತಾಡ್ಕೋತ ಮನಿತನಕ ಬಾ, ಬಿಟ್ಟ ನೋಡ್ತೇನಿ. ಬೇಕಾದ್ರ ಈ ಭಾಷಣಾನ ಮಾಡು, ನಡೀತೈತಿ.”

ನಕ್ಕುಬಿಟ್ಟೆ. ಜೊತೆ ಕೊಡಬೇಕೆಂದು ಬರೆಯುವಾಗ ನನ್ನ ಹೆಸರು ನನಗೇ ಹೊಳೆದಿರಲಿಲ್ಲ. ಕರಪತ್ರವನ್ನು ಮನವಿಯಾಗಿ ಕಳಿಸಿಯೇ ತೀರುತ್ತೇನೆ, ಸರ್ಕಾರವನ್ನು ಸುಮ್ಮನೆ ಬಿಡುವವಳಲ್ಲ. ಆದರೆ ಕಾಕಾ ತಾನಾಗಿಯೇ ಬಾಯಿಬಿಟ್ಟು ಕೇಳಿದನಲ್ಲ, ಅದಕ್ಕೇ ಈ ರಾತ್ರಿ ಮನಸ್ಸು ಹಗುರಾಗಿದೆ. ಅವನದು ಬೆಳಗಿನ ಪಾಳಿ. ನಾಳೆ ಬುಧವಾರ, ಮಧ್ಯಾಹ್ನ ಎರಡು ಗಂಟೆಗೆ, ಮಿಲ್ಲಿನ ಮುಂದೆ.