ನೇರಳೆ ಪೆನ್ಸಿಲ್

ಫೆಬ್ರವರಿ ೧೨

ಇನ್ನೂರ ಹದಿನಾಲ್ಕು ವೋಚರ್. ಹನ್ನೊಂದು ಗಂಟೆಯೊಳಗೆ ಮುಗಿಸಿದೆ. ಮೂರಕ್ಕೆ ಸಹಿ ಇಲ್ಲ. ಒಂದರ ಮೇಲೆ ಏಪ್ರಿಲ್ ಮೂವತ್ತೊಂದು ಎಂದು ತಾರೀಖು! ಬರೆದ ಮಹಾನುಭಾವರು ಯಾರೋ. ಎಲ್ಲವನ್ನೂ ಕಟ್ಟಿ ಹಸಿರಕ್ಕನ ಮೇಜಿನ ಮೇಲಿಟ್ಟೆ. ಕನ್ನಡಕದ ಮೇಲಿನಿಂದ ನೋಡಿದರು.

"ಇಷ್ಟು ಬೇಗನಾ?"

ಬೇಗ ಮಾಡಿದರೂ ತಪ್ಪು, ತಡ ಮಾಡಿದರೂ ತಪ್ಪು ಇವರ ಹತ್ತಿರ.

ಆಡಿಟ್ ಆಫೀಸಿಗೆ ಬಂದು ಏಳು ತಿಂಗಳು. ಕಾಲೇಜಿನ ಮೂರನೇ ವರ್ಷ ಪೂರ್ತಿ ಇಲ್ಲೇ ತರಬೇತಿ, ಜೂನ್ ಕೊನೆಯವರೆಗೆ. ಮೊದಲ ದಿನ ಕುರ್ಚಿಗಿಂತ ಮುಂಚೆ ಪೆನ್ಸಿಲ್ ಕೊಟ್ಟಿದ್ದರು. ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಇಪ್ಪತ್ತೆರಡು ವರ್ಷದಿಂದ ಇರುವ ಅಕ್ಕನದು ಹಸಿರು, ಅದಕ್ಕೇ ಹಸಿರಕ್ಕ. ಆಫೀಸು ಯಾರದೋ ಆ ದೊಡ್ಡವರದು ಕೆಂಪು. ನನ್ನದು ನೇರಳೆ. ಕಾಗದದ ಮೇಲೆ ನೇರಳೆ ಟಿಕ್ ಬಿದ್ದರೆ ಅರ್ಥ ಒಂದೇ: ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಯಾರೋ ಹೇಳಿದರು ಎಂದು ಹಾಕುವಂತಿಲ್ಲ. ಪೆನ್ಸಿಲ್ ಸಾಲ ಕೊಡುವಂತೆಯೂ ಇಲ್ಲ.

ಈಗಾಗಲೇ ಎರಡು ಪೆನ್ಸಿಲ್ ಸವೆಸಿದ್ದೇನೆ. ಹಿಂದಿನ ವರ್ಷದವನು ವರ್ಷಕ್ಕೆಲ್ಲ ಒಂದೂವರೆಯಂತೆ.

ಫೆಬ್ರವರಿ ೨೦

ಕಾಲೇಜಿನಿಂದ ಫಾರಂ ಬಂದಿದೆ. ಹದಿನಾಲ್ಕು ಪ್ರಶ್ನೆ. ಸಮಯಕ್ಕೆ ಬರುತ್ತಾರೆಯೇ, ಶಿಸ್ತು ಇದೆಯೇ… ಇತ್ಯಾದಿ. ಕೊನೆಯದು ಮಾತ್ರ ಪ್ರಶ್ನೆಯಂಥ ಪ್ರಶ್ನೆ: "ಇವರನ್ನು ಒಬ್ಬರನ್ನೇ ಸರಕು ಎಣಿಕೆಗೆ ಕಳಿಸಬಹುದೇ?"

ದೊಡ್ಡವರು ಅದರ ಮೇಲೆ ಬೆರಳಿಟ್ಟರು.

"ಇದಕ್ಕೆ ಹೌದು ಅಂತ ಬರೆದ್ರೆ ಡಿಗ್ರಿ ಮುಗಿಸ್ಕೊಂಡು ಸೀದಾ ಇಲ್ಲಿಗೆ ಬಾ. ಕಿಟಕಿ ಪಕ್ಕದ ಕುರ್ಚಿ ನಿಂದು. ಇಲ್ಲ ಅಂತ ಬರೆದ್ರೆ… ಬೇರೆ ಕಡೆ ನೋಡ್ಕೋ. ನಂಗೆ ಜೊತೆಗೊಬ್ಬರನ್ನ ಕಳಿಸೋಷ್ಟು ಜನ ಇಲ್ಲ."

ಆ ಕುರ್ಚಿ ನನಗೆ ಬೇಕು. ಬೇಕೇ ಬೇಕು. ಮನೆಯಲ್ಲಿ ಹೇಳಿದೆ. ಅಪ್ಪ ಊಟ ಬಿಟ್ಟು ಎದ್ದುಬಂದು ತಲೆ ಸವರಿದರು, ಅದೂ ಎಂಜಲು ಕೈಯಲ್ಲಿ.

"ನನ್ನ ಕಣ್ಣು ಬಂದಿದೆ ಇವಳಿಗೆ. ಬಸ್ಸಿನ ಬಾಗಿಲಲ್ಲಿ ನಿಂತು ಒಂದು ಸಲ ನೋಡಿದ್ರೆ ಸಾಕು, ಐವತ್ತೆಂಟು ಅಂದ್ರೆ ಐವತ್ತೆಂಟೇ."

"ಕಂಡಕ್ಟರ್ ಕಣ್ಣು ಬಂದಿದ್ದು ಸರಿ. ಬಾಯಿ ಬರದೆ ಇದ್ದಿದ್ರೆ ಪುಣ್ಯ ಇತ್ತು," ಎಂದರು ಅಮ್ಮ.

ಮಾರ್ಚ್ ೩೧, ಸಂಜೆ ೫

ಛತ್ರಿ ಕಂಪನಿಯ ಗೋದಾಮು. ವರ್ಷದ ಕೊನೆಯ ದಿನ, ಇರುವ ಸರಕನ್ನೆಲ್ಲ ಎಣಿಸಿ ಪುಸ್ತಕದೊಂದಿಗೆ ತಾಳೆ ನೋಡಬೇಕು. ಮೇಲಿನ ಶೆಡ್ಡು ಹಸಿರಕ್ಕನಿಗೆ, ಕೆಳಗಿನದು ನನಗೆ. ನನಗೊಬ್ಬಳಿಗೇ! ಮೇಲೆ ಹೋಗುವಾಗ ಅಕ್ಕ ಹೇಳಿದರು: "ಏಣಿ ಹತ್ತಿ ಎಣಿಸು. ರಾಶಿಯ ಸುತ್ತ ಒಂದು ಬಾರಿ ಬಾ."

ಸ್ಟೋರು ನೋಡಿಕೊಳ್ಳುವ ಅಣ್ಣ ಬಹಳ ಸಾಧು ಮನುಷ್ಯ. ಏಣಿ ತರಲೋ ಬೇಡವೋ ಎಂದು ನಿಂತಿದ್ದ.

"ಸ್ವಲ್ಪ ಅಲ್ಲಾಡುತ್ತಮ್ಮ ಅದು…"

"ಬೇಡ ಬಿಡಣ್ಣ. ಏಣಿ ಯಾಕೆ, ತಲೆ ಇದೆಯಲ್ಲ."

ಬಾಗಿಲಲ್ಲಿ ನಿಂತು ನೋಡಿದೆ, ಅಪ್ಪನ ಹಾಗೆ. ಅಗಲಕ್ಕೆ ಹನ್ನೆರಡು ಪೆಟ್ಟಿಗೆ. ಪಕ್ಕದಿಂದ ನೋಡಿದರೆ ಒಳಕ್ಕೆ ಹತ್ತು. ಎತ್ತರಕ್ಕೆ ಆರು. ಏಳುನೂರ ಇಪ್ಪತ್ತು. ಪುಸ್ತಕ ತೆರೆದರೆ… ಏಳುನೂರ ಇಪ್ಪತ್ತು! ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಟಿಕ್ ಹಾಕಿದೆ, ಉದ್ದ ಬಾಲ ಎಳೆದು.

ದೊಡ್ಡವರು ಬಂದು "ಆಯ್ತಾ?" ಎಂದರು. "ಆಯ್ತು ಸರ್!" ಹಸಿರಕ್ಕ ಮೇಲಿನ ಶೆಡ್ಡಿನಲ್ಲಿ ಇನ್ನೂ ಅರ್ಧದಲ್ಲಿದ್ದರು. ಅವರಿಗಾಗಿ ಕಾಯುತ್ತ ಎರಡು ಟೀ ಕುಡಿದೆ.

ಏಪ್ರಿಲ್ ೧೮

ಕಂಡೆ! ಫಾರಂ ದೊಡ್ಡವರ ಮೇಜಿನ ಮೇಲಿತ್ತು. ಹದಿನಾಲ್ಕನೇ ಪ್ರಶ್ನೆಯ ಮುಂದೆ ಕೆಂಪು ಪೆನ್ಸಿಲಿನಲ್ಲಿ "ಹೌದು". ಅದರ ಮೇಲೆ ಪೆನ್ನಿನಲ್ಲಿ ತಿದ್ದುವುದು ಕೊನೆಯ ದಿನವಂತೆ. ತಿದ್ದಲಿ, ಅವಸರವಿಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಯಾರೂ ಇಲ್ಲದಾಗ ಕೂತು ನೋಡಿದೆ. ಕೆಳಗಿನ ಕನ್ನಡಕದ ಅಂಗಡಿಯ ಬೋರ್ಡು ತಲೆಕೆಳಗಾಗಿ ಕಾಣುತ್ತದೆ. ಕುರ್ಚಿಯ ಒಂದು ಕಾಲು ಗಿಡ್ಡ. ಕಾಗದ ಮಡಚಿ ಇಟ್ಟರೆ ಸರಿಹೋಗುತ್ತದೆ.

ಮೇ ೧೪, ಮಧ್ಯಾಹ್ನ

ಒಂದು ಬಿಲ್ಲಿನ ಪ್ರತಿ ಬೇಕಿತ್ತು. ಛತ್ರಿ ಗೋದಾಮಿಗೆ ಹೋದೆ. ಬಾಗಿಲು ತೆರೆದಿದೆ, ಯಾರೂ ಇಲ್ಲ. "ಅಣ್ಣಾ" ಎಂದು ಕೂಗಿದೆ. ರಾಶಿಯೊಳಗಿನಿಂದ "ಆಂ?" ಎಂದು ದನಿ ಬಂತು. ಪೆಟ್ಟಿಗೆ ಮಾತಾಡಿತೆಂದು ಎದೆ ಧಸಕ್ಕೆಂದಿತು.

ಗೋಡೆಗೂ ರಾಶಿಗೂ ನಡುವೆ ಒಂದಾಳು ನುಸುಳುವಷ್ಟು ಸಂದಿ. ಅಲ್ಲಿಂದ ಅಣ್ಣ ಹೊರಬಂದ, ಕೂದಲು ಕೆದರಿ, ಕೆನ್ನೆಯ ಮೇಲೆ ದಿಂಬಿನ ಗೆರೆ. ನಾನು ಹಿಂದಕ್ಕೆ ಹೋಗಿ ನೋಡಿದೆ. ರಾಶಿಯ ಹಿಂಭಾಗದ ನಡುವೆ ಪೆಟ್ಟಿಗೆಯೇ ಇಲ್ಲ. ಬಾಗಿಲ ಕಡೆಗೆ ಪೂರ್ತಿ ಪೆಟ್ಟಿಗೆಯ ಗೋಡೆ, ಹಿಂದೆ ಒಂದು ಪುಟ್ಟ ಕೋಣೆ. ಮಡಚುವ ಮಂಚ, ಟೇಬಲ್ ಫ್ಯಾನು, ನೀರಿನ ಬಾಟಲಿ.

"ಇದು… ಯಾವಾಗಿಂದ ಅಣ್ಣಾ?"

"ಮಾರ್ಚ್ ಮೊದಲನೇ ವಾರದಿಂದಮ್ಮ. ಒಂದಷ್ಟು ಪೆಟ್ಟಿಗೆ ಕಳಿಸ್ಬೇಕಿತ್ತು. ಮುಂದಿಂದ ತೆಗೆದು ಮಂಚ ಹಾಕಿದ್ರೆ ಕಾಣುತ್ತಲ್ಲ? ಹಿಂದಿಂದ ತೆಗೆದೆ. ಊಟ ಆದ್ಮೇಲೆ ಅರ್ಧ ಗಂಟೆ, ಅಷ್ಟೇ. ಓನರಿಗೆ ಹೇಳ್ಬೇಡಮ್ಮ."

"ಕಳಿಸಿದ ಚೀಟಿ?"

ಡ್ರಾಯರ್ ಎಳೆದ. ಬೀಡಿ ಕಟ್ಟಿನ ಕೆಳಗಿತ್ತು. ಪುಸ್ತಕಕ್ಕೆ ಏರಿಸುವುದನ್ನೇ ಮರೆತಿದ್ದಾನೆ. ಹಿಂದಿನ ಖಾಲಿ ಜಾಗ ನಾಲ್ಕು ಅಗಲ, ಎರಡು ಒಳಕ್ಕೆ, ಎತ್ತರಕ್ಕೆ ಆರು. ನಲವತ್ತೆಂಟು ಪೆಟ್ಟಿಗೆ.

ನನ್ನ ಟಿಕ್ ಅವುಗಳ ಮೇಲೂ ಇದೆ.

ಮೇ ೧೫

ಬರೆಯುವಂಥದ್ದೇನಿಲ್ಲ.

ಮೇ ೧೯, ಬೆಳಿಗ್ಗೆ

ಛತ್ರಿ ಕಂಪನಿಯ ಲೆಕ್ಕಪತ್ರಕ್ಕೆ ದೊಡ್ಡವರು ಸಹಿ ಹಾಕುವುದು ೨೩ಕ್ಕೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅಣ್ಣ ಚೀಟಿಯನ್ನು ಈಗ ಏರಿಸಿದರೆ ಮೇ ತಿಂಗಳಲ್ಲಿ ಕಳಿಸಿದಂತೆ ಆಗುತ್ತದೆ, ಮುಗಿಯಿತು. ನನ್ನ "ಹೌದು" ಹಾಗೇ ಇರುತ್ತದೆ, ಕುರ್ಚಿಯೂ. ನಾಲ್ಕು ದಿನದಿಂದ ಇದನ್ನೇ ಹೇಳಿಕೊಳ್ಳುತ್ತಿದ್ದೇನೆ.

ಅಪ್ಪ ಕೆಲಸಕ್ಕೆ ಹೊರಟಿದ್ದರು. ಯಾರದೋ ಕಥೆ ಎಂಬಂತೆ ಕೇಳಿದೆ: "ಅಪ್ಪಾ, ನಿಮ್ಮ ಎಣಿಕೆ ಯಾವತ್ತಾದ್ರೂ ತಪ್ಪಿದೆಯಾ?"

ಅಪ್ಪ ಬೂಟಿನ ಲೇಸು ಕಟ್ಟುತ್ತಿದ್ದವರು ಹಾಗೇ ಕೂತರು. ಅಮ್ಮ ಒಳಗಿನಿಂದಲೇ, "ಹೇಳಿ, ಹೇಳಿ. ಅಜ್ಜಿ ವಿಷಯ ಹೇಳಿ," ಎಂದರು.

"ನೀನು ಹುಟ್ಟೋಕೆ ಮುಂಚೆ. ಕೊನೇ ಸ್ಟಾಪಲ್ಲಿ ಬಾಗಿಲಿಂದ ನೋಡ್ದೆ, ಬಸ್ ಖಾಲಿ ಅಂತ ಡಿಪೋಗೆ ಹಾಕಿ ಬೀಗ ಹಾಕ್ದೆ. ಕೊನೇ ಸೀಟಲ್ಲಿ ಒಬ್ಬ ಅಜ್ಜಿ ಮಲಗಿದ್ಲು. ಎರಡು ಗಂಟೆ ಬಿಸಿಲಲ್ಲಿ… ಕಿಟಕಿ ಬಡೀತಿದ್ಲಂತೆ. ಏನೂ ಆಗ್ಲಿಲ್ಲ, ಪುಣ್ಯ. ನೀರು ಕುಡಿದು ನನ್ನ ಮುಖ ನೋಡಿದ್ಲು ನೋಡು…" ಲೇಸು ಬಿಗಿದರು. "ಅವತ್ತಿಂದ ಪ್ರತಿ ಟ್ರಿಪ್ಪು ಕೊನೇ ಸೀಟಿನ ತನಕ ನಡೀತೀನಿ."

"ಮತ್ತೆ ಬಾಗಿಲಿಂದ ಒಂದು ಸಲ ನೋಡಿದ್ರೆ ಸಾಕು ಅಂತೀರಲ್ಲ?"

"ಅದು ಮನೇಲಿ ಕೊಚ್ಕೊಳ್ಳೋಕೆ ಕಣೇ."

ಮೇ ೨೦

ಹೇಳಿದೆ. ಹಸಿರಕ್ಕನಿಗೆ, ಬೆಳಿಗ್ಗೆ ಬಂದವಳೇ, ಚೀಲ ಇಳಿಸುವುದಕ್ಕೂ ಮುಂಚೆ. ಮೇ ಹದಿನಾಲ್ಕರಿಂದ ಗೊತ್ತಿತ್ತು ಎಂದೂ ಹೇಳಿದೆ.

"ಟಿಕ್ ಹಾಕಿದ್ಯಲ್ಲ?"

"ಹಾಕಿದೆ ಅಕ್ಕಾ."

"ನೋಡಿದ್ಯಾ?"

"ಮುಂದಿಂದ… ಪಕ್ಕದಿಂದ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಪಾಟಿನಿಂದ ಎಣಿಕೆ ಹಾಳೆ ತೆಗೆದು, ಬಾಲ ಎಳೆದ ನನ್ನ ಟಿಕ್ ಅನ್ನು ಬಹಳ ಹೊತ್ತು ನೋಡಿದರು. ಅಲ್ಲೇ ನನ್ನ ಮುಖದ ನೀರಿಳಿಯಿತು.

"ನಾಳೆ ಎಂಟಕ್ಕೆ ಗೋದಾಮಿಗೆ ಬಾ. ಹಳೇ ಬಟ್ಟೆ ಹಾಕ್ಕೊಂಡು."

ಮೇ ೨೧

ಮೊದಲಿನಿಂದ ಎಣಿಸಿದೆವು. ಹಸಿರಕ್ಕನಿಗೆ ಐವತ್ಮೂರು ವರ್ಷ. ಕನ್ನಡಕಕ್ಕೆ ದಾರ ಕಟ್ಟಿಕೊಂಡು ಅಲ್ಲಾಡುವ ಏಣಿ ಹತ್ತಿದರು. ಏಣಿ ಹಿಡಿದದ್ದು ನಾನು. ಪ್ರತಿ ಪೆಟ್ಟಿಗೆಯನ್ನೂ ಅಂಗೈಯಿಂದ ತಟ್ಟುತ್ತಾರೆ, ಖಾಲಿಯೋ ತುಂಬಿದೆಯೋ ಎಂದು. ಆಮೇಲೆ ನಾನೂ ಹತ್ತಿದೆ. ಮೇಲಿನಿಂದ ನೋಡಿದರೆ ಮಂಚ ಹರಿವಾಣದಲ್ಲಿ ಇಟ್ಟ ಹಾಗೆ ಕಾಣುತ್ತಿತ್ತು. ಅಂದು ಎರಡು ಮೆಟ್ಟಿಲು ಹತ್ತಿದ್ದರೂ ಸಾಕಿತ್ತು ನನಗೆ.

ಆರುನೂರ ಎಪ್ಪತ್ತೆರಡು. ಮಾರ್ಚ್ ಕೊನೆಯಿಂದೀಚೆಗೆ ಈ ಶೆಡ್ಡಿನಲ್ಲಿ ಒಂದು ಪೆಟ್ಟಿಗೆಯೂ ಕದಲಿಲ್ಲ. ಕಳಿಸಿದ ಚೀಟಿಯ ನಲವತ್ತೆಂಟು ಸೇರಿಸಿದರೆ ತಾಳೆ. ಯಾರೂ ಏನನ್ನೂ ಕದ್ದಿಲ್ಲ. ಓನರ್ ಬಂದು ಅಣ್ಣನನ್ನು ಚೆನ್ನಾಗಿ ಝಾಡಿಸಿದರು. ಕೊನೆಗೆ, "ಮಲಗೋದಾದ್ರೆ ಬಾಗಿಲ ಹತ್ರ ಮಲಗಯ್ಯ, ಕಾವಲಾದ್ರೂ ಆಗುತ್ತೆ," ಎಂದರು.

ಮೇ ೨೩

ದೊಡ್ಡವರು ಕರೆದರು. ಹಸಿರಕ್ಕನೂ ಇದ್ದರು. ಲೆಕ್ಕಪತ್ರ ತಿದ್ದಿ ಆಗಿತ್ತು.

"ಇವಳನ್ನ ಯಾರಾದ್ರೂ ಹಿಡಿದ್ರಾ?"

"ಇಲ್ಲ ಸರ್. ಅವಳೇ ಬಂದು ಹೇಳಿದ್ಲು," ಎಂದರು ಹಸಿರಕ್ಕ.

ಮನಸ್ಸು ಸ್ವಲ್ಪ ಹಗುರಾಯಿತು. ಅಷ್ಟರಲ್ಲಿ ದೊಡ್ಡವರು ಡ್ರಾಯರಿನಿಂದ ಫಾರಂ ತೆಗೆದರು. ರಬ್ಬರ್ ತೆಗೆದರು. "ಹೌದು" ಎಂಬುದನ್ನು ಉಜ್ಜಿ, ಚೂರುಗಳನ್ನು ಊದಿದರು.

"ನೀನಾಗೇ ಹೇಳಿದ್ದಕ್ಕೆ ನಂಗೆ ಸಂತೋಷ ಇದೆ. ಆದ್ರೆ ಇಲ್ಲಿ ಕೇಳಿರೋದು ಅದಲ್ವಲ್ಲಮ್ಮ. ಒಬ್ಬಳನ್ನೇ ಕಳಿಸಬಹುದಾ ಅಂತ ಕೇಳಿದಾರೆ. ಕಳಿಸಿದ್ದೆ. ಏನಾಯ್ತು?"

ಕೋಪ ಬಂತು. ನನ್ನ ಮೇಲೆ. ಅವರ ಮೇಲೂ ಬಂತು, ಸುಳ್ಳೇಕೆ ಬರೆಯಲಿ. ಮೆಟ್ಟಿಲಿಳಿದು ಕನ್ನಡಕದ ಅಂಗಡಿಯ ಮುಂದೆ ನಿಂತು ಅತ್ತೆ. ಅಂಗಡಿಯವನು ಕಣ್ಣು ಪರೀಕ್ಷೆಗೆ ಬಂದಿದ್ದೀರಾ ಎಂದು ಕೇಳಿದ.

ಜೂನ್ ೯

ಛತ್ರಿ ಓನರ್ ಈಗ ಮೂರು ತಿಂಗಳಿಗೊಮ್ಮೆ ಎಣಿಕೆ ಬೇಕೆಂದಿದ್ದಾರೆ. ಮೊದಲನೆಯದು ಜೂನ್ ೩೦. ನನ್ನ ಕೊನೆಯ ದಿನ. ಫಾರಂ ಕಳಿಸಲೂ ಅಂದೇ ಕೊನೆ. ದೊಡ್ಡವರ ಮುಂದೆ ಹೋಗಿ ನಿಂತೆ.

"ಕೆಳಗಿನ ಶೆಡ್ ನಂಗೆ ಕೊಡಿ ಸರ್. ಒಬ್ಬಳಿಗೇ."

ಹಸಿರಕ್ಕ ತಲೆ ಎತ್ತಲಿಲ್ಲ, ಆದರೆ ಬರೆಯುತ್ತಿದ್ದ ಕೈ ನಿಂತಿತು. ದೊಡ್ಡವರು ಕ್ಯಾಲೆಂಡರ್ ನೋಡಿದರು, ನನ್ನನ್ನು ನೋಡಿದರು.

"ಧೈರ್ಯಕ್ಕೇನೂ ಕಮ್ಮಿ ಇಲ್ಲ ನಿಂಗೆ."

ಇಲ್ಲವೇ ಇಲ್ಲ. ಅದು ಯಾವತ್ತೂ ಕಮ್ಮಿಯಾಗಿಲ್ಲ. ಅಂದು ಕಮ್ಮಿಯಾದದ್ದು ನಾಲ್ಕು ಹೆಜ್ಜೆ ನಡಿಗೆ. ಕೊಡುತ್ತಾರಂತೆ.

ಜೂನ್ ೩೦, ಮಧ್ಯಾಹ್ನ ೩.೪೦

ಏಣಿಯ ಏಳನೇ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಫ್ಯೂಸ್ ಹೋಯಿತು. ಅಣ್ಣ ಹಾಕಲು ಹೋಗಿದ್ದಾನೆ. ಬಾಗಿಲ ಬೆಳಕು ಏಣಿಯ ತನಕ ಮಾತ್ರ, ಬಾಗಿಲ ಹತ್ತಿರವೇ ಅವನ ಮಂಚ. ಮೊದಲು ಸುತ್ತ ಒಂದು ಬಾರಿ ಬಂದೆ. ಆಮೇಲೆ ಹಿಂದಿನ ಗೋಡೆ ಮುಟ್ಟಿದೆ. ಒಂಬತ್ತು ಸಾಲು ಮುಗಿದಿದೆ, ಒಂದೊಂದನ್ನೂ ತಟ್ಟಿ. ಅಂಗೈ ಕೆಂಪಗಾಗಿದೆ. ಪುಸ್ತಕ ಇನ್ನೂ ತೆರೆದಿಲ್ಲ. ಈ ಬಾರಿ ಮೊದಲು ಎಣಿಕೆ, ಆಮೇಲೆ ಪುಸ್ತಕ.

ಕಾಲು ಗಂಟೆಯ ಹಿಂದೆ ದೊಡ್ಡವರು ಬಂದರು. ಬಾಗಿಲಲ್ಲೇ ನಿಂತು ಅದೇ ಮಾತು: "ಆಯ್ತಾ?"

ನಾಲಿಗೆ ತುದಿಗೆ "ಆಯ್ತು ಸರ್" ಬಂದಿತ್ತು. ಉಳಿದದ್ದು ಒಂದೇ ಸಾಲು. ಮೇಲಿನಿಂದ ನೋಡಿದರೂ ಎಷ್ಟಿದೆ ಎಂದು ಗೊತ್ತಾಗುತ್ತದೆ. ಅಪ್ಪನಿಗಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ.

"ಇಲ್ಲ ಸರ್. ಇನ್ನೊಂದು ಸಾಲಿದೆ."

"ಆರು ಗಂಟೆಗೆ ಫಾರಂ ಕಳಿಸ್ಬೇಕು ನಾನು."

"ಕತ್ತಲೆ ಇದೆ ಸರ್. ಕಾಣಿಸಿದ ಮೇಲೆ ಎಣಿಸ್ತೀನಿ."

ಅಣ್ಣನ ಮಂಚದ ಮೇಲೆ ಕೂತರು. ಜೇಬಿನಿಂದ ಫಾರಂ ತೆಗೆದು ಮೊಣಕಾಲ ಮೇಲೆ ಹರಡಿದರು. ಇಲ್ಲಿಂದ ಎಲ್ಲ ಕಾಣುತ್ತದೆ: ಅವರ ಬೋಳು ನೆತ್ತಿ, ಹದಿನಾಲ್ಕು ಪ್ರಶ್ನೆ, ರಬ್ಬರಿನಿಂದ ಉಜ್ಜಿ ಮಾಸಿದ ಜಾಗ. ಕೆಂಪು ಪೆನ್ಸಿಲ್ ತೆಗೆದರು. ಮತ್ತೆ ಜೇಬಿಗೆ ಹಾಕಿದರು. ಪೆನ್ನು ತೆಗೆದರು. ನನ್ನ ಎಣಿಕೆ ಇನ್ನೂ ಮುಗಿದೇ ಇಲ್ಲ, ಈಗಲೇ ಬರೆಯುತ್ತಿದ್ದಾರೆ—

ಹೌದು.

ಪೆನ್ನಿನಲ್ಲಿ. ಕೆಳಗೆ ಗೆರೆ ಕೂಡ ಎಳೆದರು. ಕೂಗಬೇಕೆನ್ನಿಸುತ್ತಿದೆ, ಏಣಿ ಅಲ್ಲಾಡುತ್ತದೆ. ಅಪ್ಪನಿಗೆ ಫೋನ್… ಆಮೇಲೆ. ಲೈಟು ಬಂತು. ಅಣ್ಣ ಕೆಳಗಿನಿಂದ "ಸಾಕು ಇಳಿಯಮ್ಮ, ಅವರು ಬರೆದಾಯ್ತಲ್ಲ" ಎನ್ನುತ್ತಿದ್ದಾನೆ. ಇಳಿಯುವುದೇ? ಹತ್ತನೇ ಸಾಲು. ಒಂದು, ಎರಡು, ಮೂರು—