ಒಳಗೆ ಮಡಚಿದ ಬಟ್ಟೆ

ಅಂಗಡಿಯ ಮೇಲಿನ ಮನೆ,
ಮಂಗಳವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಮಗಳ ಮನೆಯ ಮೆತ್ತನೆ ಸೋಫಾದಿಂದ ಏಳಲು ಆಗುವುದಿಲ್ಲ ಎಂದು ನೀನು ಬರೆದಿದ್ದೆ. ಒಂದು ಮರದ ಕುರ್ಚಿ ತರಿಸಿಕೋ ಮಾರಾಯ್ತಿ, ಅದಕ್ಕೂ ನಾಚಿಕೆಯೇ? ಅರವತ್ನಾಲ್ಕು ದಾಟಿದವಳನ್ನು ಪುಟ್ಟಿ ಎನ್ನುವವರು ಇನ್ನು ನಾನು, ನಿನ್ನಣ್ಣ ಇಬ್ಬರೇ. ಆ ಹಕ್ಕನ್ನು ನಾವು ಬಿಡುವುದಿಲ್ಲ.

ಸುದ್ದಿ ಹೇಳುತ್ತೇನೆ, ಗಾಬರಿಯಾಗಬೇಡ. ಹೋದ ಗುರುವಾರ ನಿನ್ನಣ್ಣ ಬಿದ್ದರು. ಮೆಟ್ಟಿಲ ಮೇಲಲ್ಲ, ಜಾರಿದ್ದೂ ಅಲ್ಲ. ಕಿಟಕಿ ಪಕ್ಕದ ಕುರ್ಚಿಯಿಂದ ಎದ್ದರು, ಕಾಲು ಹಿಡಿಯಲಿಲ್ಲ, ಹಾಗೇ ಕುಸಿದರು. ಎಬ್ಬಿಸಲು ನೋಡಿದೆ, ನನ್ನ ಕೈಲಾಗಲಿಲ್ಲ. ಕೆಳಗಿನ ಚಪ್ಪಲಿ ಅಂಗಡಿಯವನು ಬಂದು ಮಗುವನ್ನು ಎತ್ತಿದ ಹಾಗೆ ಎತ್ತಿ ಕೂರಿಸಿಬಿಟ್ಟ. ಅಷ್ಟು ಸಲೀಸಾಗಿ ಎತ್ತಿದ್ದು ನೋಡಿಯೇ ನಾನು ಆಟೋ ಕರೆಸಿದೆ. ಆಸ್ಪತ್ರೆಯಲ್ಲಿ ಮೂಳೆ ಮುರಿದಿಲ್ಲ ಎಂದರು. ಆಮೇಲೆ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ನಲವತ್ಮೂರು ಕಿಲೋ. ಮೂರು ವರ್ಷದ ಹಿಂದಿನ ಚೀಟಿಯಲ್ಲಿ ಐವತ್ತೆಂಟು ಇತ್ತು. ಡಾಕ್ಟರಮ್ಮ ನನ್ನ ಕಡೆ ತಿರುಗಿ, “ಹದಿನೈದು ಕಿಲೋ ಇಳಿದಿದ್ದಾರೆ. ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ?” ಎಂದು ಕೇಳಿದರು. ಬಯ್ಯುವ ದನಿಯಲ್ಲಿ ಕೇಳಲಿಲ್ಲ, ಬೈದಿದ್ದರೇ ವಾಸಿಯಿತ್ತು.

ಗೊತ್ತಾಗಲಿಲ್ಲ ಪುಟ್ಟಿ. ಯಾಕೆಂದರೆ ಗೊತ್ತಾಗದ ಹಾಗೆ ಮಾಡಿದವಳು ನಾನೇ. ಎರಡು ಮೂರು ತಿಂಗಳಿಗೊಮ್ಮೆ ಯಾವುದಾದರೊಂದು ಪ್ಯಾಂಟು ತಂದು ನನ್ನ ಮಡಿಲಿಗೆ ಹಾಕುತ್ತಿದ್ದರು, “ಸೊಂಟ ಅರ್ಧ ಇಂಚು ಹಿಡಿ ಕಣೇ” ಎನ್ನುತ್ತಿದ್ದರು. ನಾನು ರೇಡಿಯೋ ಕೇಳುತ್ತಾ ಹಿಡಿದು ಹೊಲಿದು ಕೊಡುತ್ತಿದ್ದೆ. ಅಂಗಿಗಳಿಗೂ ಅದೇ ಉಪಚಾರ. ನಲವತ್ತು ವರ್ಷ ಊರವರ ಬಟ್ಟೆ ಸರಿಮಾಡಿದ ಕೈಗೆ ಅದೊಂದು ಕೆಲಸವೆಂದೇ ಅನ್ನಿಸಲಿಲ್ಲ. ವರ್ಷಕ್ಕೊಮ್ಮೆ ನಮ್ಮ ಬೀದಿಯ ಮುದುಕರನ್ನೆಲ್ಲ ವಿಚಾರಿಸಲು ಒಬ್ಬಳು ನರ್ಸ್ ಬರುತ್ತಾಳೆ. ಪಾಪ, ಹೋದ ಸಲ ಮೂರು ಮಹಡಿ ಹತ್ತಬೇಕೆಂದು ತೂಕದ ಯಂತ್ರವನ್ನು ಕೆಳಗೇ ಬಿಟ್ಟು ಬಂದಿದ್ದಳು. ಅವಳ ಹಾಳೆಯಲ್ಲಿ ಒಂದು ಪ್ರಶ್ನೆ, ಈಚೆಗೆ ಬಟ್ಟೆ ಸಡಿಲವಾಗಿದೆಯೇ ಎಂದು. ನಿನ್ನಣ್ಣನಿಗೆ ಅಷ್ಟು ಸಾಕಲ್ಲ! ಎದ್ದು ನಿಂತು, ಒಂದು ಸುತ್ತು ತಿರುಗಿ, ಎಲ್ಲಾದರೂ ಒಂದು ನೆರಿಗೆ ತೋರಿಸಮ್ಮಾ ನೋಡೋಣ ಎಂದರು. ಅವಳು ನಕ್ಕು ‘ಇಲ್ಲ’ ಎಂದು ಬರೆದುಕೊಂಡು ಹೋದಳು. ನಾನೂ ನಕ್ಕೆ. ನನ್ನ ಕೈಕೆಲಸದ ಬಗ್ಗೆ ಒಳಗೊಳಗೇ ಜಂಬ ಬೇರೆ.

ಎಲ್ಲಿಂದ ಶುರುವಾಯಿತು ಎಂದು ಕೂತು ಯೋಚಿಸುತ್ತೇನೆ. ನಮ್ಮ ಹೊಲಿಗೆ ಅಂಗಡಿ ಮುಚ್ಚಿದ ಮೇಲೆ ಕೆಳಗಿಳಿಯಲು ಅವರಿಗೆ ಕಾರಣವಿರಲಿಲ್ಲ. ಎದುರಿನ ಕ್ಷೌರದವನು ಇರುವವರೆಗೆ ಹರಟೆಗಾದರೂ ಹೋಗುತ್ತಿದ್ದರು, ಅವನು ತೀರಿಕೊಂಡ ಮೇಲೆ ಅದೂ ನಿಂತಿತು. ಕಟ್ಟಿಸಿದ ಹಲ್ಲು ವಸಡಿಗೆ ಒತ್ತುತ್ತದೆಂದು ತೆಗೆದಿಟ್ಟರು, ಚಹಾದಲ್ಲಿ ಅದ್ದಿದ ಬ್ರೆಡ್ಡಿಗೇ ಊಟ ಮುಗಿಯಿತು. ದಿನಕ್ಕೆ ಒಂಬತ್ತು ಮಾತ್ರೆ ನುಂಗಿದರೆ ಹಸಿವಾದರೂ ಎಲ್ಲಿ ಉಳಿಯಬೇಕು? ದೊಡ್ಡ ಕತ್ತರಿ ಭಾರವಾಯಿತೆಂದು ಸಣ್ಣದು ಹಿಡಿದರು, ಆಮೇಲೆ ಅದನ್ನೂ ಬಿಟ್ಟರು. ವಯಸ್ಸಾಯಿತಲ್ಲ ಎಂದು ಇಬ್ಬರೂ ಎಲ್ಲಕ್ಕೂ ಒಂದೇ ಉತ್ತರ ಇಟ್ಟುಕೊಂಡಿದ್ದೆವು. ವಯಸ್ಸೊಂದೇ ಅಲ್ಲ, ಇವುಗಳಲ್ಲಿ ಅರ್ಧ ಸರಿಮಾಡಬಹುದಾದವು ಎಂದು ಡಾಕ್ಟರಮ್ಮ ಹೇಳಿದಾಗ ನನಗೆ ಸಮಾಧಾನಕ್ಕಿಂತ ಸಂಕಟವೇ ಹೆಚ್ಚಾಯಿತು.

ಮನೆಗೆ ಬಂದು ಅವರ ಬೂದು ಪ್ಯಾಂಟಿನ ಸೊಂಟಪಟ್ಟಿಯ ಹಿಂಬದಿ ಬಿಚ್ಚಿದೆ. ನಮ್ಮ ಅಂಗಡಿಯ ನಿಯಮ ನಿನಗೆ ನೆನಪಿದೆಯಲ್ಲ, ಹಿಡಿದ ಬಟ್ಟೆ ಕತ್ತರಿಸಬಾರದು, ಒಳಗೆ ಮಡಚಬೇಕು, ಗಿರಾಕಿ ನಾಳೆ ದಪ್ಪವಾಗುತ್ತಾನೆ. ಒಳಗೆ ಒಂದರ ಪಕ್ಕ ಒಂದು ಏಳು ಸಾಲು ಹೊಲಿಗೆ. ಎಲ್ಲವೂ ನನ್ನ ಕೈಯವು, ಒಂದಕ್ಕಿಂತ ಒಂದು ನೇರ. ತುಂಬಾ ಅತ್ತೆ ಪುಟ್ಟಿ. ಅತ್ತು ಮುಗಿಸಿ ಏಳೂ ಸಾಲು ಬಿಚ್ಚಿಹಾಕಿದೆ.

ಈಗ ಆ ಜೋಲು ಪ್ಯಾಂಟಿಗೆ ಬೆಲ್ಟು ಬಿಗಿದು ಓಡಾಡುತ್ತಾರೆ. ದರ್ಜಿಯೇ ಹೀಗೆ ಜೋಲಾಡಿಸಿಕೊಂಡು ತಿರುಗಿದರೆ ಬೀದಿಯವರು ಏನಂದಾರು ಎಂದು ಗೊಣಗುತ್ತಾರೆ. ಅನ್ನಲಿ, ಪ್ಯಾಂಟು ತುಂಬುವವರೆಗೆ ನಾನು ಸೂಜಿ ಮುಟ್ಟುವುದಿಲ್ಲ ಎಂದಿದ್ದೇನೆ. ಮಾತ್ರೆ ಐದಕ್ಕೆ ಇಳಿದಿದೆ, ಹಲ್ಲಿನವರ ಹತ್ತಿರ ಸೋಮವಾರ ಹೋಗಬೇಕು. ದಿನಕ್ಕೆ ಎರಡು ಮೊಟ್ಟೆ, ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಸಂಜೆ ಬೀದಿಯ ತುದಿಯವರೆಗೆ ನಡಿಗೆ. ಎಣಿಸುವವಳು ನಾನು, ಬೈಸಿಕೊಳ್ಳುವವಳೂ ನಾನೇ. ಸಾಕಾಗಿಹೋಗುತ್ತದೆ. ಮೆಟ್ಟಿಲು ಹತ್ತಿಸಿ ಬಂದರೆ ಅರ್ಧ ಗಂಟೆ ನನಗೆ ಮಾತೇ ಬರುವುದಿಲ್ಲ. ನಿನ್ನೆ ಆರು ಸಲ ಎದ್ದರು, ಏಳನೆಯದಕ್ಕೆ ನನ್ನನ್ನೇ ಬೈದರು. ಬೈಯುವಷ್ಟು ತ್ರಾಣ ಬಂದಿದೆ, ಅದೇ ಖುಷಿ.

ನಿನ್ನ ಮಗಳಿಗೂ ಅಳಿಯನಿಗೂ ನಮ್ಮ ಆಶೀರ್ವಾದ ತಿಳಿಸು. ಮಕ್ಕಳ ಕೆನ್ನೆಗೆ ನನ್ನ ಪಾಲಿನದೂ ಸೇರಿಸಿ ಮುತ್ತು ಕೊಡು. ನಿನ್ನಣ್ಣ ಕುರ್ಚಿಯಿಂದಲೇ ಕೈ ಬೀಸಿ, ಪುಟ್ಟಿಗೆ ನಾನು ಗಟ್ಟಿಯಾಗಿದ್ದೇನೆ ಅಂತ ಬರಿ ಎಂದು ಹೇಳುತ್ತಿದ್ದಾರೆ.

ನಿನ್ನ ಅತ್ತಿಗೆ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಅಂಚೆಪೆಟ್ಟಿಗೆಗೆ ಹೋಗಲೆಂದು ನೀನು ಹೊಲಿದುಕೊಟ್ಟ ಕಂದು ಕೋಟು ಹಾಕಿಕೊಂಡೆ. ಏನೋ ಅನುಮಾನ ಬಂದು ಅಸ್ತರು ಬಿಚ್ಚಿ ನೋಡಿದೆ. ನಿನ್ನ ಹೊಲಿಗೆಯ ಪಕ್ಕದಲ್ಲಿ ನನ್ನವು ನಾಲ್ಕು ಸಾಲು ಇವೆ. ಯಾವಾಗ ಹಾಕಿದೆನೋ ನೆನಪೇ ಇಲ್ಲ. ಅವರಿಗೆ ಹೇಳಿಲ್ಲ. ಬರಲಾ ಎಂದು ನೀನು ಮೂರು ಕಾಗದದಲ್ಲಿ ಕೇಳಿದೆ, ಮೂರು ಸಲವೂ ನಾವು ಚೆನ್ನಾಗಿದ್ದೇವೆ ಎಂದು ಬರೆದೆ. ಈಗ ಬಾ ಪುಟ್ಟೀ. ನಮ್ಮಿಬ್ಬರ ಅಳತೆಯನ್ನೂ ನೀನೇ ತೆಗೆಯಬೇಕು.